ಎಡಗೆನ್ನೆಯ ಮೌಲ್ಯಮಾಪನ

ನನ್ನ ಎಡಗೆನ್ನೆಯ ಮೇಲೆ ಹುಟ್ಟಿದಾಗಿನಿಂದ ಒಂದು ಕೆಂಪು ಮಚ್ಚೆಯಿದೆ. ಕಣ್ಣಿನ ಕೆಳಗೆ ಶುರುವಾಗಿ, ಮೂಗಿನ ಪಕ್ಕದಲ್ಲಿ ಇಳಿದು, ದವಡೆಯವರೆಗೆ ಹರಡಿದೆ. ಚಿಕ್ಕವಳಿದ್ದಾಗ ಗುಲಾಬಿ ಬಣ್ಣ, ಆಮೇಲೆ ಕೆಂಪು, ಮೂವತ್ತು ದಾಟುವ ಹೊತ್ತಿಗೆ ನೇರಳೆ ಹಣ್ಣು ತಿಂದವರ ನಾಲಿಗೆಯ ಬಣ್ಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎದುರಿಗೆ ಸಿಕ್ಕವರು ಮೊದಲು ನೋಡುವುದು ಅದನ್ನೇ, ಆಮೇಲೆ ನೋಡಲೇ ಇಲ್ಲವೆಂಬಂತೆ ನಟಿಸುತ್ತಾರೆ. ಓದುವವರಿಗಾದರೂ ಆ ಕಷ್ಟ ಬೇಡ.

ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆ. ಅಪ್ಪ ತೀರಿಹೋಗಿ ಬಹಳ ವರ್ಷವಾಯಿತು, ಈಗ ನಾನು ಮತ್ತು ಅಮ್ಮ ಇಬ್ಬರೇ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮದುವೆ ಯಾಕಾಗಲಿಲ್ಲ ಎಂದು ಕೇಳುವವರು ನನ್ನ ಕೆನ್ನೆಯನ್ನೇ ನೋಡುತ್ತ ಕೇಳುತ್ತಾರೆ. ಬಂದವರನ್ನು ನಾನೇ ಬೇಡವೆಂದೆ ಅಂದರೆ ಒಬ್ಬರೂ ನಂಬುವುದಿಲ್ಲ. ಈ ಟೀಚರ ಮಚ್ಚೆಗಿಂತ ನಾಲಿಗೆ ಕೆಂಪು ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಮಾತಿದೆ. ಅದನ್ನು ನಾನು ಹೊಗಳಿಕೆ ಅಂತಲೇ ತೆಗೆದುಕೊಂಡಿದ್ದೇನೆ.

ಮಚ್ಚೆಯಿಂದ ನನಗಾದ ಕಷ್ಟಕ್ಕಿಂತ ಅಮ್ಮನಿಗಾದದ್ದು ಹೆಚ್ಚು. ಅವಳು ಏಳು ತಿಂಗಳ ಬಸುರಿಯಾಗಿದ್ದಾಗ ಗ್ರಹಣ ಬಂದಿತ್ತಂತೆ. ಲಿಂಗ ಕಟ್ಟಿದವರಿಗೆ ಸೂತಕವೂ ಇಲ್ಲ, ಮೈಲಿಗೆಯೂ ಇಲ್ಲ ಎಂದು ಕೇರಿಗೆಲ್ಲ ಬುದ್ಧಿ ಹೇಳುತ್ತಿದ್ದ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಗ್ರಹಣ ಅಂದರೆ ಮಾತ್ರ ಗಡಗಡ ನಡುಗುತ್ತಿದ್ದಳು. ಬಸುರಿ ಸೊಸೆ ಕತ್ತಲೆ ಕೋಣೆಯಲ್ಲಿ ಕೈಕಾಲು ಅಲ್ಲಾಡಿಸದೆ ಮಲಗಿರಬೇಕು, ಮೈ ಮುಟ್ಟಿಕೊಳ್ಳಬಾರದು ಎಂದು ಕಟ್ಟಪ್ಪಣೆ ಮಾಡಿದಳು. ಕೋಣೆಯಲ್ಲಿ ಸೊಳ್ಳೆ ಕಚ್ಚಿತು. ಅಮ್ಮ ಕೆನ್ನೆ ತುರಿಸಿಕೊಂಡಳು. ನಾನು ಹುಟ್ಟಿದಾಗ ಅಜ್ಜಿ ಮಗುವಿನ ಮುಖ ನೋಡಿ ಆಡಿದ ಮೊದಲ ಮಾತು, "ಅವತ್ತು ಕೆನ್ನೆ ಮುಟ್ಕೊಂಡಿದ್ಯಾ?" ಅಮ್ಮ ಸುಳ್ಳು ಹೇಳಬಹುದಿತ್ತು. ಹೂಂ ಅಂದಳು.

ಅಲ್ಲಿಂದ ಮುಂದೆ ಆ ಮಚ್ಚೆ ನಮ್ಮ ಮನೆಯಲ್ಲಿ ಅಮ್ಮ ಮಾಡಿದ ತಪ್ಪು. ಅಜ್ಜಿ ಸತ್ತರೂ ಮಾತು ಸಾಯಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಅಮ್ಮನಿಗೂ ನಾನು ಮುದ್ದೇ. ಆದರೆ ನನ್ನನ್ನು ಮುದ್ದಿಸುವಾಗಲೂ ಅವಳ ಕಣ್ಣಿನಲ್ಲಿ ಕ್ಷಮೆ ಕೇಳುವ ಒಂದು ನೋಟ ಇರುತ್ತಿತ್ತು, ಅದನ್ನು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಬೆಳಿಗ್ಗೆ ಪೂಜೆ ಮುಗಿಸಿ ನನ್ನ ಹಣೆಗೆ ವಿಭೂತಿ ಹಚ್ಚಿದವಳು, ಬೆರಳಲ್ಲಿ ಉಳಿದದ್ದನ್ನು ಎಡಗೆನ್ನೆಗೂ ಒರೆಸುತ್ತಿದ್ದಳು. ಬೇಡವೆಂದರೆ ಬೇಜಾರು ಮಾಡಿಕೊಳ್ಳುತ್ತಾಳೆಂದು ನಾನು ಸುಮ್ಮನಿರುತ್ತಿದ್ದೆ.

ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಇಂಥ ಹುಟ್ಟುಮಚ್ಚೆಗಳಿಗೆ ಲೇಸರ್ ಚಿಕಿತ್ಸೆ ಕೊಟ್ಟು, ಎಷ್ಟು ವಾಸಿಯಾಗುತ್ತದೆ ಎಂದು ಅಳೆಯುವ ಅಧ್ಯಯನ ನಡೆಸುತ್ತಿದ್ದಾರೆ ಎಂದು ಗೊತ್ತಾದಾಗ ನಾನು ಒಪ್ಪಿಕೊಂಡದ್ದು ಅಮ್ಮನಿಗಾಗಿ. ಮಚ್ಚೆ ಪೂರ್ತಿ ಹೋದರೆ ಅವಳ ತಪ್ಪೂ ಪೂರ್ತಿ ಹೋಗುತ್ತದೆ ಎಂಬುದು ನಮ್ಮಿಬ್ಬರ ನಡುವೆ ಬಾಯಿಬಿಟ್ಟು ಆಡದ ಮಾತಾಗಿತ್ತು.

ಅಧ್ಯಯನ ನಡೆಸುತ್ತಿದ್ದವರು ಚರ್ಮದ ಡಾಕ್ಟರು, ಧಾರವಾಡದ ಕಡೆಯ ಹೆಂಗಸು. ವಯಸ್ಸು ಐವತ್ತರ ಆಸುಪಾಸು, ಕನ್ನಡಕ ಯಾವಾಗಲೂ ತಲೆಯ ಮೇಲೆ, ಮಾತು ಕಡ್ಡಿ ಮುರಿದ ಹಾಗೆ. ಮೊದಲ ದಿನವೇ ನನ್ನ ಕೆನ್ನೆಯನ್ನು ಬೆರಳಿನಿಂದ ಒತ್ತಿ, ಕೆಂಪು ಮಾಯವಾಗಿ ಮತ್ತೆ ತುಂಬಿಕೊಳ್ಳುವುದನ್ನು ಕನ್ನಡಿಯಲ್ಲಿ ನನಗೇ ತೋರಿಸಿದರು.

"ಇದು ಬಣ್ಣ ಅಲ್ಲ ಟೀಚರ್, ರಕ್ತನಾಳ. ಚರ್ಮದ ಕೆಳಗ ಸಣ್ಣ ಸಣ್ಣ ನಾಳ ಅಗಲ ಆಗಿ ನಿಂತಾವ. ಲೇಸರ್ ಅವನ್ನ ಮುಚ್ಚತದ. ಮಚ್ಚಿ ತಿಳಿ ಆಗಬಹುದು. ಪೂರ್ತಿ ಹೋಗ್ತದ ಅಂತ ನಾ ಹೇಳಂಗಿಲ್ಲ."

ಅಮ್ಮನಿಗೆ ಬಂದು ಇದ್ದದ್ದು ಇದ್ದಹಾಗೆ ಹೇಳಿದೆ. "ದೊಡ್ಡ ಡಾಕ್ಟ್ರುಗಳು ಹಂಗೇ ಹೇಳೋದು ಕಣೆ, ಆಮೇಲೆ ಗುಣ ಮಾಡಿಬಿಡ್ತಾರೆ," ಅಂದಳು.

ಇಷ್ಟಕ್ಕೂ ಅಳೆಯುವುದರಲ್ಲಿ ಏನಿದೆ, ಕಣ್ಣಿಗೆ ಕಾಣುವುದಿಲ್ಲವೇ ಎಂದು ನಾನು ಕೇಳಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುವ ಗಾದೆಯನ್ನೂ ಸೇರಿಸಿದೆ, ಕನ್ನಡ ಟೀಚರಲ್ಲವೇ. "ನಿಮ್ಮದು ಕೆನ್ನಿ ಮ್ಯಾಲ ಅದ ಅಲ್ರೀ, ಕನ್ನಡಿ ಬೇಕಲ್ಲ," ಎಂದು ನಕ್ಕರು. ಆಮೇಲೆ ಅವರು ವಿವರಿಸಿದ್ದು ನನಗೆ ಇವತ್ತಿಗೂ ನೆನಪಿದೆ. ಲೋಕದ ತುಂಬ ಡಾಕ್ಟರುಗಳು ಈ ಮಚ್ಚೆಗೆ ಚಿಕಿತ್ಸೆ ಮಾಡಿ ಬರೆದಿಟ್ಟಿದ್ದಾರಂತೆ. ಒಬ್ಬರು ಅರ್ಧ ಹೋಯಿತು ಅಂತಾರೆ, ಇನ್ನೊಬ್ಬರು ಚೆನ್ನಾಗಿ ಆಯಿತು ಅಂತಾರೆ, ಮತ್ತೊಬ್ಬರು ಯಂತ್ರ ಹೇಳಿದ ಅಂಕಿ ಕೊಡುತ್ತಾರೆ. ರೋಗಿಗೆ ಏನನ್ನಿಸಿತು ಎಂದು ಕೇಳಿದವರು ಕಡಿಮೆ. "ಒಬ್ಬರು ಸೇರಿನ್ಯಾಗ, ಒಬ್ಬರು ಕಿಲೋದಾಗ, ಒಬ್ಬರು ಬೊಗಸ್ಯಾಗ ಅಳದ್ರ ಕೂಡಸೂದು ಹೆಂಗ? ಕೂಡಸಲಿಕ್ಕೆ ಬರದಿದ್ರ ಮುಂದಿನ ಪೇಷಂಟಿಗೆ ನಾ ಏನ್ ಹೇಳ್ಲಿ?"

ಹಾಗಾಗಿ ಅವರು ಮೂರು ಥರ ಅಳೆಯುತ್ತಿದ್ದರು. ಒಂದು ಫೋಟೋ. ಇನ್ನೊಂದು, ಚರ್ಮದ ಮೇಲೆ ಇಟ್ಟರೆ ಕೆಂಪು ಎಷ್ಟಿದೆ ಎಂದು ಅಂಕಿಯಲ್ಲಿ ಹೇಳುವ ಟಾರ್ಚಿನಂಥ ಒಂದು ಸಾಧನ. ಮೂರನೆಯದು ನಾವೇ ಗುರುತು ಹಾಕಬೇಕಾದ ಪ್ರಶ್ನೆಗಳ ಹಾಳೆ.

ಫೋಟೋ ಅಂದರೆ ನನಗೆ ಆಗದು. ಶಾಲೆಯ ಗುಂಪು ಫೋಟೋಗಳಲ್ಲೆಲ್ಲ ನಾನು ಸಾಲಿನ ತುದಿಯಲ್ಲಿ ಯಾರನ್ನೋ ಕರೆಯುತ್ತಿರುವವಳ ಹಾಗೆ ಪಕ್ಕಕ್ಕೆ ತಿರುಗಿಕೊಂಡಿದ್ದೇನೆ. ಇಲ್ಲಿ ಆ ಆಟ ನಡೆಯಲಿಲ್ಲ. ಕಿಟಕಿಗೆ ಕಪ್ಪು ಪರದೆ, ಪ್ರತಿ ಸಲವೂ ಅದೇ ದೀಪ, ಅದೇ ದೂರ, ಗದ್ದಕ್ಕೆ ಒಂದು ಆಸರೆ, ಕೂದಲಿಗೆ ಬ್ಯಾಂಡ್, ಕೆನ್ನೆಯ ಪಕ್ಕ ಬಣ್ಣದ ಪಟ್ಟಿಯ ಕಾರ್ಡು. ನಗುವಂತಿಲ್ಲ, ಓಲೆ ಇರುವಂತಿಲ್ಲ, ಪೌಡರ್ ಇರುವಂತಿಲ್ಲ. ಒಂದು ಬಲ್ಬು ಹೋದರೂ ಅವತ್ತು ಫೋಟೋ ಇಲ್ಲ, ಎಲ್ಲರೂ ಟೀ ಕುಡಿದುಕೊಂಡು ಹೊಸ ಬಲ್ಬಿಗೆ ಕಾಯುವುದು. ನನಗೆ ರೇಗಿದರೂ ಒಳಗೊಳಗೇ ಮೆಚ್ಚುಗೆಯಾಗುತ್ತಿತ್ತು. ನನ್ನ ಎಡಗೆನ್ನೆಗೆ ಅಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಮೊದಲ ಭೇಟಿಯಲ್ಲಿ ಬರೀ ಅಳತೆ, ಎರಡನೆಯದರಲ್ಲಿ ಮತ್ತೊಮ್ಮೆ ಅಳೆದು ಆಮೇಲೆ ಲೇಸರ್ ಎಂದು ಗೊತ್ತುಮಾಡಿದ್ದರು. ಎರಡನೆಯ ಸಲ ಸಾಧನ ಇಟ್ಟ ಹುಡುಗಿ ಅಂಕಿ ನೋಡಿ ಬೆಚ್ಚಿಬಿದ್ದು ಡಾಕ್ಟರನ್ನು ಕರೆದಳು. ಕೆಂಪು ಗಣನೀಯವಾಗಿ ಇಳಿದಿತ್ತು. ಡಾಕ್ಟರು ಕನ್ನಡಕ ಕೆಳಗಿಳಿಸಿ ನೋಡಿದರು.

"ಲೇಸರ್ ಇನ್ನೂ ಮುಟ್ಟೇ ಇಲ್ಲ, ಆಗಲೇ ವಾಸಿ ಆಗ್ಲಿಕ್ಕತ್ತಾರಲ್ರೀ ಇವರು!"

ನನ್ನ ಕೆನ್ನೆಯ ಮೇಲೆ ಬೆರಳು ಸವರಿ ಬೆಳಕಿಗೆ ಹಿಡಿದರು. ಬೆರಳ ತುದಿ ಬೆಳ್ಳಗಿತ್ತು. ಮೊದಲ ಸಲ ಬಸ್ಸಿನ ನೂಕುನುಗ್ಗಲಿನ ಬೆವರಿಗೆ ಅಮ್ಮನ ವಿಭೂತಿ ತೊಳೆದುಹೋಗಿತ್ತು, ಈ ಸಲ ಸೀಟು ಸಿಕ್ಕಿ ಹಾಯಾಗಿ ಬಂದಿದ್ದೆ. ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೇರೆಯವರಾಗಿದ್ದರೆ ಮೂಢನಂಬಿಕೆಯ ಮೇಲೆ ಒಂದು ಭಾಷಣ ಬಿಗಿಯುತ್ತಿದ್ದರು. ಇವರು, "ಅಮ್ಮನ ಪೂಜಿ ಅಮ್ಮಂದು, ನಮ್ಮ ಅಳತಿ ನಮ್ಮದು. ಅಳತಿ ಮುಗದ ಮ್ಯಾಲ ಹಚ್ಚಲಿಕ್ಕೆ ಹೇಳ್ರಿ," ಎಂದು ಅಷ್ಟಕ್ಕೇ ಬಿಟ್ಟರು. ಅವತ್ತಿನಿಂದ ಎಲ್ಲರೂ ಬರೀ ನೀರಲ್ಲಿ ಮುಖ ತೊಳೆದು, ಸ್ವಲ್ಪ ಹೊತ್ತು ಕೂತು, ಆಮೇಲೆ ಅಳತೆಗೆ ಹೋಗಬೇಕೆಂದು ನಿಯಮವಾಯಿತು. ಅದಕ್ಕೆ ಕಾರಣ ನಾನೆಂದು ನನಗೆ ಸಣ್ಣ ಹೆಮ್ಮೆಯೂ ಇದೆ.

ಲೇಸರಿನ ನೋವು, ಒಗ್ಗರಣೆಯ ಸಾಸಿವೆ ಸಿಡಿದು ಕೆನ್ನೆಗೆ ತಾಗುತ್ತಲೇ ಇದ್ದ ಹಾಗೆ. ಅದನ್ನು ತಡೆದುಕೊಳ್ಳಬಹುದು. ಆದರೆ ಚಿಕಿತ್ಸೆಯಾದ ಮೇಲೆ ಒಂದು ವಾರ ಕೆನ್ನೆ ಕಪ್ಪುಗಟ್ಟಿ, ಹೊಡೆಸಿಕೊಂಡವಳ ಹಾಗೆ ಕಾಣುತ್ತದೆ. ಭದ್ರಾವತಿಯ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಸುಮಾರು ಹೊತ್ತು ನೋಡಿ, ಕಡೆಗೆ ತಡೆಯಲಾರದೆ ಕೇಳಿದಳು.

"ಯಾರಮ್ಮ ಹೊಡೆದಿದ್ದು, ಗಂಡನಾ?"

"ಲೇಸರ್," ಅಂದೆ.

"ಯಾವನೇ ಆಗ್ಲಿ ಮಾರಾಯ್ತಿ, ಬಿಟ್ಟು ಬಂದುಬಿಡು."

ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅವಳು ನಗಲಿಲ್ಲ. ನನಗಾಗಿ ನೀನು ಎಷ್ಟು ಅನುಭವಿಸಬೇಕು ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಗಿಸಲು ಹೋಗಿ ಅಳಿಸಿದ್ದಾಯಿತು.

ಫೋಟೋಗಳಿಗೆ ಅಂಕ ಕೊಡುತ್ತಿದ್ದವರು ಬೇರೆ ಊರಿನ ಮೂವರು ಡಾಕ್ಟರುಗಳು. ಯಾವ ಫೋಟೋ ಮೊದಲಿನದು, ಯಾವುದು ಆಮೇಲಿನದು ಎಂದು ಅವರಿಗೆ ಹೇಳುತ್ತಿರಲಿಲ್ಲ, ನಮ್ಮ ಹೆಸರೂ ಗೊತ್ತಿರುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಅರ್ಥವಾಯಿತು. ಹತ್ತನೇ ತರಗತಿ ಪರೀಕ್ಷೆಯ ಮೌಲ್ಯಮಾಪನಕ್ಕೆ ನಾನೂ ಹೋಗುತ್ತೇನೆ, ಅಲ್ಲಿಯೂ ಉತ್ತರಪತ್ರಿಕೆಯ ಮೇಲೆ ಹೆಸರಿರುವುದಿಲ್ಲ. ಜಾತಿ, ಊರು, ಮುಖ ಯಾವುದೂ ಕಾಣದೆ ಬರೀ ಉತ್ತರ ಕಂಡರೆ ಎಂಥವರ ಕೈಯೂ ಸ್ವಲ್ಪ ನೇರವಾಗುತ್ತದೆ. ಅಷ್ಟು ವರ್ಷ ನಾನು ಕೆಂಪು ಪೆನ್ನಿನಲ್ಲಿ ಬೇರೆಯವರಿಗೆ ಹಾಕಿದ ಅಂಕಕ್ಕೆ ಈಗ ನನ್ನ ಕೆಂಪು ಕೆನ್ನೆಗೆ ಯಾರೋ ಅಂಕ ಹಾಕುತ್ತಿದ್ದಾರೆ, ಮಾಡಿದ್ದುಣ್ಣೋ ಮಹರಾಯ ಅಂದುಕೊಂಡೆ. ಗ್ರೇಸ್ ಮಾರ್ಕ್ಸ್ ಇಲ್ಲವೇ ಎಂದು ಡಾಕ್ಟರನ್ನು ಕೇಳಿದೆ. "ಇದ್ದದ್ದನ್ನ ಕೊಡೂದ ಕಷ್ಟ ಆಗೇದ," ಅಂದರು.

ಗೊತ್ತುಮಾಡಿದ್ದ ಸರದಿ ಮುಗಿಯುವ ಹೊತ್ತಿಗೆ ಮೂವರೂ ನನಗೆ ಒಳ್ಳೆಯ ಅಂಕ ಕೊಟ್ಟಿದ್ದರು. ಯಂತ್ರದ ಅಂಕಿಯೂ ಅದಕ್ಕೆ ಹೊಂದುತ್ತಿತ್ತು. ನೇರಳೆ ಹೋಗಿ ಮತ್ತೆ ಗುಲಾಬಿಯ ಹತ್ತಿರ ಬಂದಿದ್ದೆ. ಇನ್ನು ಮುಂದೆ ಲೇಸರ್ ಮಾಡಿಸಿಕೊಳ್ಳುವುದು ಬಿಡುವುದು ನಿಮ್ಮಿಷ್ಟ, ಮಾಡಿಸಿದರೂ ಇನ್ನು ಹೆಚ್ಚಿಗೆ ತಿಳಿಯಾಗುವುದು ಅನುಮಾನ, ವರ್ಷಗಳು ಕಳೆದ ಮೇಲೆ ಮತ್ತೆ ಸ್ವಲ್ಪ ಗಾಢವಾದರೂ ಆಗಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಅಮ್ಮನದು ಒಂದೇ ಹಟ. "ಇಷ್ಟು ಹೋಗಿದ್ದು ಉಳಿದಿದ್ದು ಹೋಗಲ್ವಾ? ಪೂರ್ತಿ ಮಾಡಿಸ್ಕೊಂಡೇ ಬಿಡು." ಮಾಡಿಸಲೋ ಬಿಡಲೋ ಎಂಬುದು ನನಗೆ ಬಗೆಹರಿಯದೆ ಉಳಿಯಿತು. ಕೆನ್ನೆಗಾದರೆ ಸಾಕೆನ್ನಿಸುತ್ತಿತ್ತು. ಅಮ್ಮನ ಮುಖ ನೋಡಿದರೆ ಸಾಕೆನ್ನಲು ಬಾಯಿ ಬರುತ್ತಿರಲಿಲ್ಲ.

ಆಗಲೇ ಡಾಕ್ಟರು ನನ್ನನ್ನು ಒಂದು ಭಾನುವಾರ ಕರೆಸಿದರು. ಅವರ ಜೊತೆಗೆ ಕೆಲಸ ಮಾಡುವ ಚಿಕ್ಕ ಡಾಕ್ಟರೂ ಇದ್ದರು. ಮೇಜಿನ ಮೇಲೆ ಪ್ರಶ್ನೆಗಳ ಹಾಳೆ.

ಆ ಹಾಳೆಯನ್ನು ಯಾರೋ ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದರು. ಮಚ್ಚೆ ಈಗ ಹೇಗಿದೆ, ನೋವು ಹೇಗಿತ್ತು, ಮನಸ್ಸಿಗೆ ಹೇಗನ್ನಿಸುತ್ತದೆ ಎಂಬ ಪ್ರಶ್ನೆಗಳು. ಪ್ರತಿಯೊಂದಕ್ಕೂ ಐದು ಚೌಕ. ಒಂದು ತುದಿಗೆ 'ತುಂಬ ಚೆನ್ನಾಗಿದೆ', ಇನ್ನೊಂದು ತುದಿಗೆ 'ಏನೂ ಚೆನ್ನಾಗಿಲ್ಲ', ನಡುವಿನ ಚೌಕಕ್ಕೆ 'ಪರವಾಗಿಲ್ಲ'.

"ನೋಡ್ರಿ ಟೀಚರ್. ಫೋಟೋ ನೋಡಿದವರು ಛಲೋ ಅಂತಾರ, ಮಷಿನ್ ಛಲೋ ಅಂತದ. ನಿಮ್ಮ ಶಿವಮೊಗ್ಗ ಭದ್ರಾವತಿ ಮಂದಿ ಎಲ್ಲಾರೂ ಕೂಡಿ ಈ ನಡುವಿನ ಮನ್ಯಾಗ ಸಂಸಾರ ಹೂಡ್ಯಾರ. ನೀವೂ ಅಲ್ಲೇ ಅದೀರಿ. ಮಚ್ಚಿ ಕೇಳಿದ್ರ ಪರವಾಗಿಲ್ಲ, ನೋವು ಕೇಳಿದ್ರ ಪರವಾಗಿಲ್ಲ, ಚಹಾ ಹೆಂಗದ ಅಂದ್ರೂ ಪರವಾಗಿಲ್ಲ. ನಮ್ಮ ಕಡೆ ಅಡ್ಡಿಯಿಲ್ಲ ಅಂದ್ರ ಛಲೋನ ಅದ ಅಂತ ಅರ್ಥ. ನಿಮ್ಮ ಪರವಾಗಿಲ್ಲ ಅಂದ್ರ ಏನ್ರೀ?"

ಪಾಠ ಮಾಡುವ ಚಟ ನನಗೆ. ಬೋರ್ಡು ಒಂದಿರಲಿಲ್ಲ ಅಷ್ಟೆ. ಅಳಿಯ ಬಂಗಾರದಂಥವನಾದರೂ ಅತ್ತೆ ಪರವಾಗಿಲ್ಲ ಅನ್ನುತ್ತಾಳೆ, ತುಂಬ ಒಳ್ಳೆಯವನು ಅಂದರೆ ದೃಷ್ಟಿಯಾಗುತ್ತದೆ ಎಂದು ಭಯ. ಸಾರಿಗೆ ಉಪ್ಪಿಲ್ಲದಿದ್ದರೂ ನೆಂಟರು ಪರವಾಗಿಲ್ಲ ಅನ್ನುತ್ತಾರೆ, ಮನೆಯವರಿಗೆ ನೋವಾಗಬಾರದಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಅದಕ್ಕೂ ಪರವಾಗಿಲ್ಲ, ಅಲ್ಲಿ ಅದರ ಅರ್ಥ ಮುಂದೆ ನಡಿ ಮಾರಾಯ ಎಂದು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಜಾಗದಲ್ಲೆಲ್ಲ ನಮ್ಮೂರವರು ಈ ಮಾತು ಇಡುತ್ತಾರೆ ಎಂದು ಮುಗಿಸಿದೆ. ನನ್ನ ವಿವರಣೆಗೆ ನಾನೇ ಖುಷಿಪಟ್ಟೆ.

ಡಾಕ್ಟರು ಮನಸ್ಸು ತುಂಬಿ ನಕ್ಕರು. ಆಮೇಲೆ ನನ್ನ ಹಾಳೆಯನ್ನು ಮುಂದಿಟ್ಟು ಕೇಳಿದರು. "ಹಂಗಾದ್ರ ಇದು ಯಾವ ಪರವಾಗಿಲ್ಲ? ಅಳಿಯಂದೋ, ಸಾರಿಂದೋ, ಬಸ್ಸಿಂದೋ?"

ಅಷ್ಟು ಹೊತ್ತು ಬಡಬಡಿಸಿದವಳು ನನ್ನದೇ ಕೈಯಿಂದ ಹಾಕಿದ ಗುರುತಿನ ಅರ್ಥ ಗೊತ್ತಿಲ್ಲದೆ ಪೆಚ್ಚಾಗಿ ಕೂತೆ. ಆ ಗುರುತು ಹಾಕುವಾಗ ನಾನು ನನ್ನ ಕೆನ್ನೆಯ ಬಗ್ಗೆ ಯೋಚಿಸಿರಲೇ ಇಲ್ಲ.

ಚಿಕ್ಕ ಡಾಕ್ಟರು ಒಂದು ದಾರಿ ಸೂಚಿಸಿದರು. "ಮೇಡಂ, ಫೋಟೋ ಚೆನ್ನಾಗಿದೆ ಅಂತ ಬಂದಿರೋ ಕಡೆ ಪರವಾಗಿಲ್ಲ ಅಂದ್ರೆ ಚೆನ್ನಾಗಿದೆ ಅಂತಲೇ ತಗೊಳೋಣ. ಎಲ್ಲ ಹೊಂದುತ್ತೆ."

"ಹೊಂದತದ. ಆದ್ರ ಅದು ಅವರು ಹೇಳಿದ್ದು ಆಗೂದಿಲ್ಲ, ನಾವು ಹೇಳಿಸಿದ್ದು ಆಗ್ತದ. ಈ ಹಾಳಿ ಉತ್ತರ ಒಂದೂ ಲೆಕ್ಕಕ್ಕ ಬ್ಯಾಡ. ಯಾಕ ಬಿಟ್ಟೇವಿ ಅನ್ನೂದನ್ನ ಬರದು ಇಡು. ಮತ್ತ ಮೊದಲಿಂದ ಕೇಳೂಣು."

ಎಷ್ಟೋ ತಿಂಗಳು ಕೂಡಿಸಿದ್ದನ್ನು ಆಕೆ ಅಷ್ಟು ಸಲೀಸಾಗಿ ಪಕ್ಕಕ್ಕಿಟ್ಟರು. ಹಾಕಿದ ಅಂಕವನ್ನು ತಿದ್ದಬೇಕಾಗಿ ಬಂದಾಗ ಮೇಷ್ಟರುಗಳು ಹೇಗೆ ಒದ್ದಾಡುತ್ತಾರೆ ಎಂದು ನನಗೆ ಗೊತ್ತು, ನಾನೂ ಒದ್ದಾಡಿದ್ದೇನೆ. ಹೊಂದುವಂತಿದ್ದ ಉತ್ತರವನ್ನೇ ಬೇಡವೆಂದವರನ್ನು ನಾನು ನೋಡಿದ್ದು ಅದೇ ಮೊದಲು. ಆ ಕ್ಷಣ ಆಕೆಯ ಮೇಲೆ ನನಗೆ ಹುಟ್ಟಿದ ಗೌರವಕ್ಕೆ 'ಪರವಾಗಿಲ್ಲ' ಸಾಲದು. ತುಂಬ ದೊಡ್ಡ ಮನುಷ್ಯರು ಆಕೆ. ದೃಷ್ಟಿಯಾದರೆ ಆಗಲಿ.

ಹೊಸ ಹಾಳೆ ಬರೆಯುವುದಕ್ಕೆ ಚಿಕಿತ್ಸೆ ಪಡೆದವರನ್ನೇ ಒಬ್ಬೊಬ್ಬರಾಗಿ ಕೂರಿಸಿ, ಪ್ರಶ್ನೆ ಓದುವಾಗ ತಲೆಯಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿಸಿದರು. ಹೇಗಿದೆ ಎಂದು ಕೇಳುವುದನ್ನು ಬಿಟ್ಟು, ಏನಾಯಿತು ಎಂದು ಕೇಳತೊಡಗಿದರು. ಕಳೆದ ತಿಂಗಳು ಫೋಟೋ ತೆಗೆಯುವಾಗ ಮುಖ ತಿರುಗಿಸಿದ್ದುಂಟೇ? ಹೊಸಬರು ಬಂದಾಗ ಸೆರಗು ಕೆನ್ನೆಗೆ ಎಳೆದುಕೊಂಡದ್ದುಂಟೇ? ಮಚ್ಚೆಯ ಕಾರಣಕ್ಕೆ ಹೋಗಬೇಕಾದ ಕಡೆ ಹೋಗದೆ ಉಳಿದದ್ದುಂಟೇ? ಇವಕ್ಕೆಲ್ಲ ಪರವಾಗಿಲ್ಲ ಎಂದು ಉತ್ತರ ಕೊಡಲು ಎಂಥ ಶಿವಮೊಗ್ಗದವರಿಗೂ ಸಾಧ್ಯವಿಲ್ಲ. ಮನೆಯವರಿಗೂ ಕೆಲವು ಪ್ರಶ್ನೆಗಳಿದ್ದವು. ಎಲ್ಲದರ ಕೊನೆಯಲ್ಲಿ ಒಂದು ಖಾಲಿ ಗೆರೆ: ಇನ್ನೆಷ್ಟು ಹೋದರೆ ನಿಮಗೆ ಸಾಕು?

ನನ್ನ ಸರದಿ ಬಂದಾಗ ಒಂದೊಂದಕ್ಕೂ ಯೋಚಿಸಿ ಬರೆದೆ. ಇಲ್ಲ, ಇಲ್ಲ, ಇಲ್ಲ. ಆ ವರ್ಷದ ಶಾಲೆಯ ಫೋಟೋದಲ್ಲಿ ನಾನು ಹೆಡ್ಮಾಸ್ಟರ ಪಕ್ಕ ನಡುವಿನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ, ಯಾವಾಗ ಹಾಗೆ ಕೂರಲು ಶುರುಮಾಡಿದೆನೋ ನನಗೇ ತಿಳಿದಿರಲಿಲ್ಲ. ಖುಷಿಯಾಯಿತು. ಕೊನೆಯ ಗೆರೆಯನ್ನು ಮಾತ್ರ ಖಾಲಿ ಬಿಟ್ಟೆ.

"ಇದೊಂದು ಬಿಟ್ಟೀರಿ," ಅಂದರು ಡಾಕ್ಟರು.

"ಅದು ನನ್ನ ಪ್ರಶ್ನೆ ಅಲ್ಲ ಡಾಕ್ಟ್ರೇ. ನಮ್ಮಮ್ಮಂದು."

ಅವರು ನನ್ನನ್ನು ಒಂದು ಕ್ಷಣ ನೋಡಿ, "ಹಂಗಾದ್ರ ಅವರನ್ನ ಕರಕೊಂಡು ಬರ್ರಿ. ಹೆಂಗೂ ಮನಿಯವರ ಹಾಳಿ ತುಂಬಸೂದದ," ಅಂದರು.

ಅಮ್ಮ ಮದುವೆಗೆ ಹೊರಟವಳ ಹಾಗೆ ಸೀರೆ ಉಟ್ಟು ಬಂದಳು. ಮೊದಲು ಕೋಟೆಯ ದೇವಸ್ಥಾನಕ್ಕೆ ಹೋಗಿ ಕೈ ಮುಗಿದು, ಆಮೇಲೆ ದುರ್ಗಿಗುಡಿ ಬೀದಿಯಲ್ಲಿ ಡಾಕ್ಟರಿ‌ಗೆಂದು ಹಣ್ಣು ತೆಗೆದುಕೊಂಡು, ದಾರಿಯುದ್ದಕ್ಕೂ ಇನ್ನೂ ಲೇಸರ್ ಮಾಡಿ ಅಂತ ನಾನೇ ಕೇಳ್ತೀನಿ ಎಂದು ನನ್ನನ್ನು ಹೆದರಿಸುತ್ತ ಬಂದಳು. ಡಾಕ್ಟರು ಅವಳನ್ನು ಎದುರಿಗೆ ಕೂರಿಸಿಕೊಂಡು, ನನಗೆ ಮೂಲೆಯ ಕುರ್ಚಿ ತೋರಿಸಿದರು. "ಟೀಚರ್, ನೀವು ಬಾಯಿ ಬಿಡೂ ಹಂಗಿಲ್ಲ. ಇದು ಅವರ ಪರೀಕ್ಷಾ."

ಕಳೆದ ತಿಂಗಳಲ್ಲಿ ಮಗಳ ಮಚ್ಚೆ ಎಷ್ಟು ಸಲ ನೆನಪಾಯಿತು ಎಂಬುದು ಮೊದಲ ಪ್ರಶ್ನೆ.

"ಮರೆತ್ರೆ ತಾನೇ ಡಾಕ್ಟ್ರಮ್ಮ ನೆನಪಾಗೋದು," ಅಂದಳು ಅಮ್ಮ.

ಡಾಕ್ಟರು ಅದನ್ನು ಅವಳ ಮಾತಿನಲ್ಲೇ ಬರೆದುಕೊಂಡರು. ಹೀಗೇ ಒಂದೊಂದು ಕೇಳುತ್ತ ಆ ಗೆರೆಗೆ ಬಂದರು. ಇನ್ನೆಷ್ಟು ಹೋದರೆ ಸಾಕು?

"ಪೂರ್ತಿ ಹೋಗ್ಬೇಕು."

"ಯಾಕ್ರೀ?"

"ಅದು ನಾನು ಮಾಡಿದ್ದಲ್ವಾ."

ಗ್ರಹಣ, ಕತ್ತಲೆ ಕೋಣೆ, ಸೊಳ್ಳೆ, ಅತ್ತೆಯ ಪ್ರಶ್ನೆ, ಎಲ್ಲ ಹೇಳಿದಳು. ನನ್ನ ಮುಂದೆ ಅವಳು ಅದನ್ನು ಇಡಿಯಾಗಿ ಹೇಳಿದ್ದು ಅದೇ ಮೊದಲ ಸಲ, ನಾನು ತುಂಡು ತುಂಡಾಗಿ ಅವರಿವರಿಂದ ಕೇಳಿದ್ದೆ. ಡಾಕ್ಟರು ನಡುವೆ ಬಾಯಿ ಹಾಕಲಿಲ್ಲ, ಛೆ ಛೆ ಅನ್ನಲಿಲ್ಲ. ಹೇಳಿದ್ದನ್ನು ಬರೆದು, ಉಳಿದ ಪ್ರಶ್ನೆಗಳನ್ನೂ ಅದೇ ದನಿಯಲ್ಲಿ ಕೇಳಿ ಮುಗಿಸಿದರು. ಕಲ್ಲುಮನಸ್ಸಿನವಳು ಎಂದು ನನಗೆ ಒಳಗೆ ಕುದಿಯಿತು. ಆಮೇಲೆ ಆಕೆ ಪೆನ್ನಿಗೆ ಕ್ಯಾಪ್ ಹಾಕಿದರು, ಹಾಳೆಗಳನ್ನು ಕಡತದೊಳಗೆ ಇಟ್ಟು ಮುಚ್ಚಿದರು, ಎದ್ದು ಬಂದು ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತು ಅವಳ ಕೈ ಹಿಡಿದುಕೊಂಡರು.

"ಅಮ್ಮಾ, ನೀವು ಹೇಳಿದ್ದು ನೀವು ಹೇಳಿದಂಗೇ ಅಲ್ಲಿ ಇರ್ತದ, ನಾ ತಿದ್ದೂದಿಲ್ಲ. ಇನ್ನ ಮ್ಯಾಲಿಂದು ಅಧ್ಯಯನಕ್ಕಲ್ಲ, ನಿಮಗ. ಗ್ರಹಣ ಬಂದಾಗ ಎಷ್ಟು ತಿಂಗಳಾಗಿತ್ತು?"

"ಏಳು."

"ಈ ಮಚ್ಚಿ ಆಗೂದು ಭಾಳ ಮೊದಲ. ಕೂಸು ಇನ್ನೂ ಕೂಸಿನಂಗ ಆಗಿರೂದಿಲ್ಲ, ಕಾಳಿನಷ್ಟು ಇರ್ತದ. ಆಗ ಒಂದು ಕಣದಾಗ ತಾನ ಒಂದು ಸಣ್ಣ ಬದಲಾವಣಿ ಆಗ್ತದ. ಅದರಿಂದ ಮುಂದ ಅಲ್ಲಿ ರಕ್ತನಾಳ ಹಿಂಗ ಬೆಳೀತಾವ. ಯಾರೂ ಮಾಡಿದ್ದಲ್ಲ, ಯಾರೂ ತಪ್ಪಿಸಲಿಕ್ಕೆ ಆಗೂದಿಲ್ಲ. ಗ್ರಹಣ ಹಿಡಿಯೂ ಹೊತ್ತಿಗೆ ಇವರ ಕೆನ್ನಿ ಆಗಲೇ ಹಿಂಗ ಇತ್ರೀ."

ಅಮ್ಮ ಸೀರೆಯ ಅಂಚನ್ನು ಮಡಿಸುತ್ತ ಬಿಡಿಸುತ್ತ ಇದ್ದಳು.

"ನಾನು ತುರಿಸ್ಕೊಳ್ದೇ ಇದ್ದಿದ್ರೂ?"

"ಇರ್ತಿತ್ತು."

"ಗ್ರಹಣನೇ ಬರ್ದಿದ್ರೂ?"

"ಇರ್ತಿತ್ರೀ ಅಮ್ಮಾ."

ಆಮೇಲೆ ಅಮ್ಮ ತಲೆ ಎತ್ತಿದಳು. ಅವಳು ಅಳುತ್ತಾಳೆಂದು ನಾನು ಕರ್ಚೀಫು ತೆಗೆದಿದ್ದೆ. ಅವಳ ಮುಖ ಕೆಂಪಾಗಿತ್ತು, ಆದರೆ ಅದು ಸಿಟ್ಟಿಗೆ.

"ನಮ್ಮತ್ತೆ ಬದುಕಿರಬೇಕಿತ್ತು," ಅಂದಳು. "ಇವತ್ತು ಇಲ್ಲಿಗೆ ಎಳ್ಕೊಂಡು ಬರ್ತಿದ್ದೆ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಅಮ್ಮನೂ ನಕ್ಕಳು, ನಗುತ್ತ ನಗುತ್ತಲೇ ಅತ್ತಳು. ಮೂಲೆಯ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ ನಾನೂ ಅತ್ತೆ. ನನಗೆ ಬಂದದ್ದು ದುಃಖವೋ ಸಂತೋಷವೋ ಹೇಳಲಾರೆ. ಅವಳು ಇಷ್ಟು ವರ್ಷ ಯಾರನ್ನೂ ಕೇಳದೆ ಇದ್ದಳಲ್ಲ, ನಾವು ಯಾರೂ ಅವಳನ್ನು ಕೇಳದೆ ಇದ್ದೆವಲ್ಲ ಎಂದು ಅನ್ನಿಸುತ್ತಲೇ ಇತ್ತು.

ಡಾಕ್ಟರು ಕಡತ ತೆರೆದು ನನ್ನ ಹಾಳೆಯನ್ನು ಹೊರತೆಗೆದರು. ಅದರ ಕೊನೆಯ ಗೆರೆ ಇನ್ನೂ ಖಾಲಿ ಇತ್ತು. ಅದನ್ನೂ ಪೆನ್ನನ್ನೂ ನನ್ನ ಮುಂದೆ ಇಟ್ಟರು. ನಾನು ಪೆನ್ನು ಹಿಡಿದು ಅಮ್ಮನ ಕಡೆ ತಿರುಗಿದೆ.

"ಏನ್ ಬರೀಲಿ ಅಮ್ಮ? ಇನ್ನೂ ಮಾಡಿಸ್ಲಾ?"

ಅಮ್ಮ ಕಣ್ಣೊರೆಸಿಕೊಂಡು ನನ್ನ ಕೆನ್ನೆಯನ್ನು ನೋಡಿದಳು. ಯಾರದೋ ಹೊಸ ಸೀರೆ ನೋಡುವ ಹಾಗೆ, ಆ ಕಡೆ ಈ ಕಡೆ ತಲೆ ಓರೆ ಮಾಡಿ, ಸಾವಕಾಶವಾಗಿ ನೋಡಿದಳು.

"ನನ್ನನ್ಯಾಕೆ ಕೇಳ್ತೀಯ ಮಾರಾಯ್ತಿ," ಅಂದಳು. "ಮುಖ ನಿಂದು."